ಎಲೆಯಾದ ತೊಟ್ಟು

ಕಸಬರಿಗೆಗೂ ಸಿಗದಷ್ಟು ಸಣ್ಣ ಎಲೆಗಳನ್ನು ಬೆಳಗಾಗುತ್ತಲೇ ಎಣಿಸುವ ಚಟವೊಂದು ಈ ವರ್ಷ ನನಗೆ ಅಂಟಿಕೊಂಡಿತು. ಶಹಾಬಜಾರದ ನಮ್ಮ ಮನೆಯ ಮಾಳಿಗೆಯ ಮೇಲೆ, ಸೀಳುಬಿಟ್ಟ ಉಪ್ಪಿನಕಾಯಿ ಭರಣಿಯಲ್ಲಿದ್ದ ಗೇಣುದ್ದದ ಸಸಿ ದಿನವೂ ಒಂದಿಷ್ಟು ಎಲೆ ಉದುರಿಸುತ್ತಿತ್ತು. ನಾನು ಅವನ್ನು ಕಾಗದದ ಮೇಲೆ ಸಾಲಾಗಿ ಜೋಡಿಸಿ, ಹೈದರಾಬಾದಿನಲ್ಲಿ ಸಸ್ಯಶಾಸ್ತ್ರ ಓದಿಬಂದವಳಿಗೆ ತಕ್ಕ ಗಾಂಭೀರ್ಯದಿಂದ ಹೆದರುತ್ತಿದ್ದೆ.

ಇದರ ತಾಯಿಗಿಡ ಇದ್ದದ್ದು ಕಮಲಾಪುರದಲ್ಲಿ, ನಿಜಾಮ ಸರಕಾರದ ಚಾಕರಿಯಿಂದ ನಿವೃತ್ತರಾದ ತಹಸೀಲ್ದಾರರೊಬ್ಬರ ತೋಟದಲ್ಲಿ. ಅವರು ಪರದೇಶದಿಂದ ತರಿಸಿದ ಅಪರೂಪದ ಜಾಲಿ ಅದು: ಮುಳ್ಳಿಲ್ಲ, ಹಳದಿ ಹೂಗುಂಡು, ನಮ್ಮ ಜಾಲಿಯ ಗರಿಯಂಥ ಎಲೆಗೆ ಬದಲು ಕುಡುಗೋಲಿನಂತೆ ಬಾಗಿದ ಚಪ್ಪಟೆ ಎಲೆ. ಬುಡದಲ್ಲಿ ಉದುರಿದ್ದ ಬೀಜವನ್ನು ನಾನು ಆಯ್ದು ತಂದ ವಾರದಲ್ಲೇ ತೋಟದ ಮಾಲಿ ಗಿಡವನ್ನು ಕಡಿದು ಬೇಲಿಗೆ ಹಾಕಿದ.

"ಮುಳ್ಳೇ ಇಲ್ಲಲ್ಲೋ" ಎಂದೆ.

"ಜಾಲಿ ಇರೋದೇ ಬ್ಯಾಲಿಗಿರೀ, ಬಾಯಾರ."

ಅದರ ವಂಶ ನನ್ನ ಬಳಿ ಉಳಿದಿದೆಯೆಂದು ಹೈದರಾಬಾದಿನಲ್ಲಿ ನನಗೆ ಕಲಿಸಿದ ಪ್ರೊಫೆಸರರಿಗೆ ಪತ್ರ ಬರೆದೆ. ಬಿಸಿನೀರಿನಲ್ಲಿ ನೆನೆಸಿದ ಬೀಜಗಳಲ್ಲಿ ಮೊಳೆತದ್ದು ಒಂದೇ. ಅದು ಬಿಟ್ಟದ್ದು ಗರಿಯಂಥ ಎಲೆ. ಪಕ್ಕದ ಊರಜಾಲಿಯ ಬೀಜವನ್ನೇ ಆಯ್ದು ತಂದೆನೇ? ಹಾಕಿದ ಪತ್ರವನ್ನು ಹಿಂದಕ್ಕೆ ಕರೆಯುವ ವಿದ್ಯೆಯನ್ನು, ನೀವು ಬಲ್ಲಿರಿ, ಯಾವ ವಿಶ್ವವಿದ್ಯಾಲಯವೂ ಕಲಿಸುವುದಿಲ್ಲ.

ಮನೆಯಲ್ಲಿ ಮುಳ್ಳುಗಿಡವಿದ್ದರೆ ಜಗಳ ಹುಟ್ಟುತ್ತದೆಂದು ನಂಬಿದ ಆಯಿ, ಅಂದರೆ ನನ್ನ ಅಜ್ಜಿ, ಮುಳ್ಳು ಮೂಡಿದ ದಿನವೇ ಕೀಳುವ ಕರಾರಿನ ಮೇಲೆ ಇದನ್ನು ಸಹಿಸಿಕೊಂಡಿದ್ದಳು. ಕಣ್ಣು ಮಂಜಾದ್ದರಿಂದ ತಪಾಸಣೆ ಬೆರಳಿನಿಂದ. "ಇನ್ನಾ ಮುಳ್ಳು ಬಂದಿಲ್ಲೇನ? ನಿನಗಿಂತ ನಾಚಿಕಿ ಅದ ಇದಕ್ಕ" ಎನ್ನುತ್ತಿದ್ದಳು.

ಗರಿಗಳೆಲ್ಲ ಹೋಗಿ ಬರೀ ತೊಟ್ಟು ಉಳಿದ ದಿನ, ಸಸಿ ಸತ್ತಿತೆಂದು ಭರಣಿ ಬರಿದುಮಾಡಲು ಎತ್ತಿದೆ. ಆಯಿ ನನ್ನ ಮಣಿಕಟ್ಟು ಹಿಡಿದಳು.

"ತಡಿ ಯವ್ವಾ. ಈ ತೊಟ್ಟ ಮೊದಲ ಕಡ್ಡಿ ಹಂಗಿತ್ತು, ಈಗ ಚಪ್ಪಟಿ ಆಗ್ಯದ. ಮುಟ್ಟಿ ನೋಡು. ಓದಿದ್ದು ಬರೀ ಕಣ್ಣಿಲೇ ಏನು?"

ಮುಟ್ಟಿದೆ. ತೊಟ್ಟು ಅಗಲವಾಗಿ, ಅಂಚನ್ನು ಆಕಾಶಕ್ಕೆ ತಿರುಗಿಸಿಕೊಂಡು, ತುಸುವೇ ಬಾಗಿತ್ತು, ಕುಡುಗೋಲಿನಂತೆ. ಕಮಲಾಪುರದಲ್ಲಿ ನಾನು ಎಲೆಯೆಂದು ಬರೆದುಕೊಂಡದ್ದು, ಬಾಲ್ಯದ ಗರಿಗಳನ್ನು ಕಳಚಿ ಅವುಗಳ ಕೆಲಸವನ್ನೂ ತಾನೇ ವಹಿಸಿಕೊಂಡ ಇಂಥ ತೊಟ್ಟನ್ನೇ. ತೊಟ್ಟು ಎಲೆಯಾಗುವುದನ್ನು ಪರೀಕ್ಷೆಯಲ್ಲಿ ಚಿತ್ರಸಹಿತ ವಿವರಿಸಿದ್ದೆ. ಭಯದಲ್ಲಿ ಆ ಪುಟವೂ ಉದುರಿಹೋಗಿತ್ತು.

ಎಣಿಸುವ ಚಟ ಇನ್ನೂ ಬಿಟ್ಟಿಲ್ಲ. ಬೆಳಗ್ಗೆ ಮಾಳಿಗೆ ಹತ್ತಿ, ಅಗಲವಾದ ಒಂಬತ್ತು ತೊಟ್ಟುಗಳನ್ನು ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಎಣಿಸುತ್ತೇನೆ. ಮುಳ್ಳಿಲ್ಲವೆಂದು, ಆಯಿ ಏಳುವ ಮೊದಲೇ, ಪ್ರತಿಯೊಂದರ ಬುಡವನ್ನೂ ಇನ್ನೊಮ್ಮೆ ಸವರುತ್ತೇನೆ.