ಫಾರ್ಮಿನಲ್ಲಿ ಇಲ್ಲದ ಮಿಶ್ರಿ

ಎಂ.ಎಸ್ಸಿ. ಮೊದಲ ವರ್ಷ ಮುಗಿದ ಬೇಸಿಗೆಯಲ್ಲಿ ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಕ್ಯಾನ್ಸರ್ ಸಂಶೋಧನೆಯ ತರಬೇತಿಗೆ ಸೇರಿದೆ. ತೊಂಬತ್ತೊಂದೋ ತೊಂಬತ್ತೆರಡೋ, ದಿನಚರಿಯಲ್ಲಿ ತಾರೀಖಿದೆ, ಇಸವಿಯಿಲ್ಲ. ಸೂಕ್ಷ್ಮದರ್ಶಕದಲ್ಲಿ ಜೀವಕೋಶ ನೋಡುವ ಆಸೆಯಿಂದ ಹೋದವಳ ಕೈಗೆ ಡಾಕ್ಟರು ಒಂದು ಟಾರ್ಚು, ಒಂದು ಕಟ್ಟು ಫಾರ್ಮು ಕೊಟ್ಟರು. ಕಮಲಾಪುರದಲ್ಲಿ ಮನೆಮನೆಗೆ ಹೋಗಿ ಹೆಂಗಸರ ಬಾಯಿ ನೋಡಬೇಕು, ಒಳಗೆ ಬಿಳಿ ಮಚ್ಚೆಯಿದ್ದರೆ ಬರೆಯಬೇಕು. ಅಂಥ ಮಚ್ಚೆ ಮುಂದೆ ಕ್ಯಾನ್ಸರ್ ಆಗಬಹುದು ಎಂದು ಕಲಿಸಿದ್ದರು.

ಬಸ್ ನಿಲ್ದಾಣದ ಬಳಿ ಕೆಂಪು ಬಾಳೆಹಣ್ಣು ಮಾರುವ ಹೆಂಗಸಿನ ಕೆಳವಸಡಿನಲ್ಲಿ ಉಗುರಿನಷ್ಟು ಅಗಲದ ಮಚ್ಚೆಯಿತ್ತು. ಫಾರ್ಮಿನಲ್ಲಿದ್ದಂತೆ ಕೇಳಿದೆ: "ತಂಬಾಕ ತಿನ್ನೂ ಚಟಾ ಅದ ಏನ್ರಿ?"

"ಥೂ, ನನಗ್ಯಾಕ ಬೇಕವ್ವ? ಅದು ನಮ್ಮ ಮನಿಯಾವಂದು. ಅವನ ಬಾಯಾಗ ಹಾಕಿದ್ರ ನಿನ್ನ ಬ್ಯಾಟ್ರಿ ಆರೇ ಹೋಗ್ತದ!"

'ಚಟ: ಇಲ್ಲ' ಎಂದು ಬರೆದೆ. ಬಿಡಲು ಏನೂ ಇಲ್ಲ, ಆರಾಮಾಗಿರಿ ಎಂದೂ ಹೇಳಿದೆ. ಹಾಗೆ ಹೇಳು ಎಂದು ನನಗೆ ಯಾರೂ ಹೇಳಿರಲಿಲ್ಲ.

ಮಚ್ಚೆಯಿದ್ದೂ ಚಟವಿಲ್ಲದ ಇಂಥ ಫಾರ್ಮುಗಳು ಇನ್ನೂ ಬಂದವು. ಡಾಕ್ಟರು ಕನ್ನಡಕ ತೆಗೆದು, "ಚಟಾ ಇಲ್ಲದವ್ರಿಗೆ ಮಚ್ಚಿ ಹ್ಯಾಂಗ?" ಎಂದರು. ಹೊಸ ಕಾರಣವೇನೋ ಸಿಗುತ್ತದೆಂದು ನನಗೆ ಖುಷಿಯೋ ಖುಷಿ. ಬಾವಿ ನೀರು, ಖಾರ, ಒಲೆಯ ಹೊಗೆ ಎಂದು ಊಹೆಗಳಿಂದ ದಿನಚರಿ ತುಂಬಿಸಿದ್ದೇನೆ.

ಮುಂದಿನದು ದಿನಚರಿಯಲ್ಲಿಲ್ಲ, ನೆನಪಿನಲ್ಲಿ ಮಾತ್ರ ಇದೆ. ಕಲಬುರಗಿಯ ಖೂಬಾ ಪ್ಲಾಟ್‌ನ ನಮ್ಮ ಮನೆಯ ಬಚ್ಚಲಲ್ಲಿ ಅಮ್ಮ ಎಂದಿನಂತೆ ಬೆರಳಿನಿಂದ ಹಲ್ಲಿಗೆ ಮಿಶ್ರಿ ಉಜ್ಜುತ್ತಿದ್ದಳು. ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಸುಟ್ಟು ಮಾಡಿದ ಪುಡಿ ಅದು. ಹುಟ್ಟಿದಾಗಿನಿಂದ ನೋಡಿದ್ದೆ.

"ಅಮ್ಮಾ, ನೀ ತಂಬಾಕ ತಿಂತಿ?"

ಅಮ್ಮ ಉಗುಳಿ ಹೇಳಿದಳು: "ಹುಚ್ಚೀ, ಹಲ್ಲ ತಿಕ್ಕೊಳ್ಳೂದಕ್ಕ ತಿನ್ನೂದು ಅಂತಾರೇನು?"

ನಾಚಿಕೆಯಿಂದ ಅಮ್ಮನ ಮಾತನ್ನು ದಿನಚರಿಯಲ್ಲಿ ಬರೆಯದೆ ಬಿಟ್ಟೆನೇ, ಅಥವಾ ಈ ದೃಶ್ಯವನ್ನು ಆಮೇಲೆ ಕಟ್ಟಿಕೊಂಡೆನೇ? ಖಚಿತವಿಲ್ಲ. ಅವತ್ತೇ ಮತ್ತೆ ಕಮಲಾಪುರದ ಬಸ್ಸು ಹತ್ತಿದ್ದು ಖಚಿತ. ಟಿಕೆಟ್ಟು ಆ ದಿನದ ಪುಟಕ್ಕೆ ಅಂಟಿಕೊಂಡಿದೆ. ದಾರಿಯುದ್ದಕ್ಕೂ ಕಾಡಿದ್ದು ತಪ್ಪು ಫಾರ್ಮಲ್ಲ, ಬಾಳೆಹಣ್ಣಿನ ಹೆಂಗಸಿಗೆ ಹೇಳಿಬಂದ 'ಆರಾಮಾಗಿರಿ'.

"ಹಲ್ಲಿಗಿ ಏನ್ ಹಚ್ಕೋತೀರಿ?" ಎಂದು ಆಕೆಯನ್ನು ಕೇಳಿದೆ.

"ಮಿಶ್ರಿ. ಮುಂಜಾನಿ, ಮಧ್ಯಾಹ್ನ, ಮತ್ತ ಬ್ಯಾಸರಾದಾಗ." ಸೊಂಟದಿಂದ ಡಬ್ಬಿ ತೆಗೆದು ನನ್ನ ಮುಂದೆ ಹಿಡಿದಳು. "ನಿನಗೂ ಬೇಕೇನು?"

ಅದೇ ತಂಬಾಕು, ಬಿಡಬೇಕು, ಮೊನ್ನೆ ನಾನು ಹೇಳಿದ್ದು ತಪ್ಪು ಎಂದೆ. ಆಕೆ ಡಬ್ಬಿ ಮುಚ್ಚಿ ಸೊಂಟಕ್ಕೆ ಸಿಕ್ಕಿಸಿದಳು. "ಮೊನ್ನಿ ಬ್ಯಾರೆ, ಇವತ್ತ ಬ್ಯಾರೆ. ನಾಳೆ ಏನ್ ಹೇಳ್ತಿ ತಂಗಿ?"

ನಾಳೆ ಡಾಕ್ಟರೇ ಹೇಳುತ್ತಾರೆ, ಆಸ್ಪತ್ರೆಗೆ ಬನ್ನಿ ಎಂದೆ. ಹಣ್ಣೆಲ್ಲ ಮಾರಿದ ಮೇಲೆ ನೋಡೋಣ ಎಂದಳು.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಬೆಂಚಿನ ಮೇಲೆ ಖಾಲಿ ಬುಟ್ಟಿಯೊಂದಿಗೆ ಕೂತಿದ್ದಳು. ಡಾಕ್ಟರು ವಸಡಿನಿಂದ ಪರೀಕ್ಷೆಗೆಂದು ಅಕ್ಕಿಕಾಳಿನಷ್ಟು ತುಂಡು ತೆಗೆದರು. ವರದಿ ಬರುವವರೆಗೆ ನಾನು ಎಲ್ಲ ಫಾರ್ಮುಗಳನ್ನೂ ಹಿಡಿದು, ಮಿಶ್ರಿ ಹಚ್ಚುತ್ತೀರಾ ಎಂದು ಕೇಳುತ್ತ ಮತ್ತೆ ಮನೆಮನೆ ತಿರುಗಿದೆ. ಆಕೆಯ ಮಚ್ಚೆ ಕ್ಯಾನ್ಸರ್ ಆಗಿರಲಿಲ್ಲ. ಸುದ್ದಿ ಹೇಳಿದಾಗ ಆಕೆ ಡಬ್ಬಿಯನ್ನು ನನ್ನ ಕೈಗಿಟ್ಟು, "ಇದನ್ನ ನೀನೇ ಒಯ್ಯಿ, ನನ್ನ ಹತ್ರ ಇದ್ರ ಬಿಡೂದಾಗೂದಿಲ್ಲ" ಎಂದಳು.