ಊರಿಗೆಂದು ಕಟ್ಟಿಟ್ಟ ಪಿಂಗಾಣಿ

ಕರ್ರ್ ಎಂದು ಟೇಪು ಎಳೆಯುವ ಸದ್ದು ಬಂತು. ಶುಕ್ರವಾರ ಬೆಳಿಗ್ಗೆ, ಮನೆಯವರೆಲ್ಲ ಇನ್ನೂ ಎದ್ದಿರಲಿಲ್ಲ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಥೆ ಬರೆಯಲು ಕೂತಿದ್ದೆ. ವಾರದಲ್ಲಿ ನನ್ನದು ಅಂತ ಇರುವುದು ಆ ಒಂದು ಬೆಳಗು ಮಾತ್ರ. ಉಳಿದ ದಿನಗಳನ್ನು ಮಸ್ಕತ್ತಿನ ಖುರುಮ್‌ನಲ್ಲಿರುವ ಆಫೀಸು, ಮಗಳ ಸ್ಕೂಲು, ಟ್ಯೂಶನ್ನು, ಟ್ರಾಫಿಕ್ಕು ಎಲ್ಲ ಹಂಚಿಕೊಂಡು ತಿನ್ನುತ್ತವೆ. ಸದ್ದು ಅಪ್ಪನ ಕೋಣೆಯಿಂದ. ಕತ್ತರಿಯ ಒಂದು ಕಚಕ್, ಮತ್ತೆ ಕರ್ರ್. ಬರೆಯುತ್ತಿದ್ದ ವಾಕ್ಯ ಅಲ್ಲೇ ಸತ್ತುಹೋಯಿತು. ಎದ್ದು ಹೋಗಿ ಬಾಗಿಲು ತಳ್ಳಿದರೆ, ಅಪ್ಪ ನೆಲದ ಮೇಲೆ ಕಾಲು ಚಾಚಿ ಕೂತು, ನಾನು ಅವರಿಗೆಂದೇ ತಂದಿದ್ದ ಹೊಸ ಟವೆಲ್‌ಗಳನ್ನು ಬಾಕ್ಸಿಗೆ ತುಂಬಿ ಟೇಪು ಹಚ್ಚುತ್ತಿದ್ದರು. ಅವರ ಹೆಗಲ ಮೇಲೆ ಎರಡು ಕಡೆ ತೂತುಬಿದ್ದ ಹಳೆಯ ಬೈರಾಸು, ಅದೇ ಅವರು ಮೈ ಒರೆಸುವ ವಸ್ತ್ರ. "ಎಂತ ಅಪ್ಪ ಇದು?" ಎಂದೆ. ತಲೆ ಎತ್ತದೆ, "ಒಳ್ಳೆ ಟವೆಲ್ ಉಂಟು. ಊರಿಗೆ ಆಗ್ತದೆ" ಎಂದರು.

ಊರಿಗೆ! ಈ ಒಂದು ಶಬ್ದ ಕೇಳಿದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ. ನೀವೂ ಗಲ್ಫಿನಲ್ಲಿ ಬೆಳೆದವರಾದರೆ ಆ ಉರಿ ನಿಮಗೆ ಗೊತ್ತಿರುತ್ತದೆ. ಇಲ್ಲವಾದರೆ ಸ್ವಲ್ಪ ಕೂತು ಕೇಳಿ. ನಾನು ಬೆಳೆದದ್ದು ಇದೇ ಮಸ್ಕತ್ತಿನ ದಾರ್ಸೈಟ್‌ನ ಒಂದು ಫ್ಲಾಟಿನಲ್ಲಿ, ಸರಿಯಾಗಿ ಹೇಳಬೇಕೆಂದರೆ ಬಾಕ್ಸುಗಳ ನಡುವೆ. ಮಂಚದ ಕೆಳಗೆ ಬಾಕ್ಸು, ಕಪಾಟಿನ ಮೇಲೆ ಬಾಕ್ಸು, ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲು ಜಾಗವಿಲ್ಲದಷ್ಟು ಬಾಕ್ಸು. ಬಂದವರನ್ನು ನಾವು ಕೂರಿಸುತ್ತಿದ್ದ ಸೋಫಾ ಕೂಡ ಬೆಡ್‌ಶೀಟ್ ಹೊದಿಸಿದ ಎರಡು ಗಟ್ಟಿ ಬಾಕ್ಸುಗಳೇ. ಅಪ್ಪ ರುವಿಯ ಒಂದು ಕಂಪನಿಯಲ್ಲಿ ಸ್ಟೋರ್‌ಕೀಪರ್ ಆಗಿದ್ದರು, ಹಾಗಾಗಿ ಒಳ್ಳೊಳ್ಳೆಯ ಕಾರ್ಟನ್ನುಗಳಿಗೆ ಬರವಿರಲಿಲ್ಲ. ಒಂದರೊಳಗೆ ಹುಲಿಯ ಚಿತ್ರದ ದಪ್ಪ ಕಂಬಳಿ ಇತ್ತು. ನಾನು ಎಸಿಯ ಚಳಿಗೆ ಅಮ್ಮನ ಹಳೆಯ ಸೀರೆ ಹೊದ್ದು ಮುದುಡಿ ಮಲಗುತ್ತಿದ್ದೆ. ಇನ್ನೊಂದರಲ್ಲಿ ಪರಿಮಳದ ಸಾಬೂನುಗಳಿದ್ದವು. ಟೇಪು ಹಚ್ಚುವ ಮೊದಲು ಅಪ್ಪ ನನಗೆ ಒಮ್ಮೆ ಮೂಸಲು ಕೊಡುತ್ತಿದ್ದರು, ಆಮೇಲೆ ನಾವು ಬಟ್ಟೆ ಒಗೆಯುವ ಸಾಬೂನಿಗಿಂತ ತುಸು ಮೇಲಿನದ್ದರಲ್ಲಿ ಸ್ನಾನ ಮಾಡುತ್ತಿದ್ದೆವು. ನೀರು ಕುಡಿಯಲು ಚೀಸ್ ಖಾಲಿಯಾದ ಗಾಜಿನ ಡಬ್ಬಿಗಳು, ಊಟಕ್ಕೆ ಅಂಚು ಎದ್ದುಹೋದ ಪ್ಲಾಸ್ಟಿಕ್ ತಟ್ಟೆಗಳು. ನಾವೇನೂ ಗತಿಯಿಲ್ಲದವರಲ್ಲ. ಒಳ್ಳೆಯದೆಲ್ಲ ಮನೆಯೊಳಗೇ ಇತ್ತು. ಮುಟ್ಟಲಿಕ್ಕೆ ಇರಲಿಲ್ಲ, ಅಷ್ಟೆ.

ಇದರ ನಡುವೆ ಅಮ್ಮನಿಗೆ ಒಂದೇ ಒಂದು ಆಸೆಯಿತ್ತು. ರುವಿಯ ಸೂಕ್ ಮಾರ್ಕೆಟಿನ ಒಂದು ಅಂಗಡಿಯ ಗಾಜಿನ ಹಿಂದೆ ಬಿಳಿ ಪಿಂಗಾಣಿಯ ಡಿನ್ನರ್ ಸೆಟ್ ಇತ್ತು, ಪ್ರತಿ ಪ್ಲೇಟಿನ ನಡುವೆ ಸಣ್ಣ ನೀಲಿ ಹೂ. ನನ್ನ ಕೈ ಹಿಡಿದು ಆ ದಾರಿಯಲ್ಲಿ ಹೋಗುವಾಗಲೆಲ್ಲ ಅಮ್ಮನ ಕಾಲು ಅಲ್ಲಿ ನಿಧಾನವಾಗುತ್ತಿತ್ತು. ಕೊನೆಗೊಂದು ದಿನ ಕೇಳಿಯೇಬಿಟ್ಟಳು. ಅಪ್ಪ ಕೂಡಲೇ ಒಪ್ಪಿದರು, "ಊರಿನ ಮನೆಗೆ ಹೇಗೂ ಬೇಕಲ್ಲ" ಎಂದು. ಎದುರಿನ ಫ್ಲಾಟಿನ ನೆಬೀಸ ಆಂಟಿಯ ಜೊತೆ ಹೋಗಿ ಅಮ್ಮ ಅದನ್ನು ತಂದಳು. ಆಂಟಿ ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು, ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ನಗು. ಅವರೂ ಅದೇ ಸೆಟ್ ಕೆಂಪು ಹೂವಿನದ್ದು ತೆಗೆದುಕೊಂಡು ಅದೇ ಸಂಜೆ ಅದರಲ್ಲೇ ಊಟ ಮಾಡಿದರು. ಅಮ್ಮ ಮಾತ್ರ ಒಂದೊಂದೇ ಪ್ಲೇಟನ್ನು ಬಿಸಿನೀರಿನಲ್ಲಿ ತೊಳೆದಳು, ಒರೆಸಿದಳು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಅರಬಿ ಪೇಪರಿನಲ್ಲಿ ಸುತ್ತಿದಳು. ಸುತ್ತುತ್ತಾ ನನಗೆ ಕಾರ್ಕಳದ ಹತ್ತಿರ ಇನ್ನೂ ಪಾಯವೂ ತೋಡದಿದ್ದ ಮನೆಯ ಕಥೆ ಹೇಳಿದಳು. ಹಾಲ್‌ನಲ್ಲಿ ಶೋಕೇಸು ಎಲ್ಲಿ ಬರುತ್ತದೆ, ಕಿಚನ್ನಿನ ಕಿಟಕಿಯಿಂದ ಯಾವ ಗಿಡ ಕಾಣುತ್ತದೆ, ಯಾವ ಕುರ್ಚಿಯಲ್ಲಿ ನಾನು ಕೂರುತ್ತೇನೆ, ನನ್ನ ಪ್ಲೇಟಿಗೆ ಮೊದಲು ಏನು ಬಡಿಸುತ್ತಾಳೆ. ಇಲ್ಲದ ಮನೆಯನ್ನು ಇಷ್ಟು ಚಂದ ಕಟ್ಟಿದವರನ್ನು ನಾನು ಇನ್ನೂ ನೋಡಿಲ್ಲ. ನನಗೆ ಕಥೆ ಕಟ್ಟಲು ಕಲಿಸಿದ್ದು ಅವಳೇ, ಬೇರೆ ಯಾರೂ ಅಲ್ಲ. ಸಂಜೆ ಅಪ್ಪ ಕೆಲಸದಿಂದ ಬರುವ ಹೊತ್ತಿಗೆ ಎಲ್ಲವೂ ಪೇಪರಿನೊಳಗೆ ಸೇರಿತ್ತು. ಅವರು ಬಾಕ್ಸು ಕಟ್ಟಿದರು, ನೈಲಾನ್ ಹಗ್ಗ ಬಿಗಿದರು, ಇಂಗ್ಲಿಷಿನಲ್ಲಿ ತಮ್ಮ ಹೆಸರು ಬರೆದರು. ಅದರ ಕೆಳಗೆ ಅಮ್ಮ ಕನ್ನಡದಲ್ಲಿ ಬರೆದಳು: ಪಿಂಗಾಣಿ, ಜಾಗ್ರತೆ.

ನೆಬೀಸ ಆಂಟಿಗೆ ಇದೆಲ್ಲ ದೊಡ್ಡ ತಮಾಷೆ. "ಅಲ್ಲ ಮಾರಾಯ್ತಿ, ತಿನ್ನುವ ಬಾಯಿ ಇಲ್ಲಿ ಉಂಟು, ಪ್ಲೇಟನ್ನು ಊರಿಗೆ ಕಳಿಸಿ ಎಂತ ಮಾಡ್ತೀರಿ? ಗೋಡೆಗೆ ಬಡಿಸ್ತೀರಾ?" ಎಂದು ಅಮ್ಮನನ್ನು ಕಿಚಾಯಿಸುತ್ತಿದ್ದರು. ಅವರ ಸೆಟ್ಟಿನ ಪ್ಲೇಟುಗಳು ಒಂದೊಂದಾಗಿ ಒಡೆಯುತ್ತಿದ್ದವು. ಪ್ರತಿಸಲ ಅವರ ಮನೆಯಿಂದ ಮೊದಲು ಠಳ್, ಆಮೇಲೆ ಒಂದು ಬೈಗುಳ, ಕೊನೆಗೆ ನಗು ಕೇಳುತ್ತಿತ್ತು. ಅಮ್ಮ ಅವರ ಮಾತಿಗೆ ನಗುತ್ತಿದ್ದಳು, ಆದರೆ ಅದು ಎಲ್ಲೋ ನಾಟಿರಬೇಕು. ನನ್ನ ಒಂದು ಹುಟ್ಟಿದಹಬ್ಬಕ್ಕೆ ಕಡಲೆಬೇಳೆ ಪಾಯಸ ಮಾಡಿದವಳು ಸೀದಾ ಹೋಗಿ ಮಂಚದ ಕೆಳಗಿನಿಂದ ಆ ಬಾಕ್ಸನ್ನು ಎಳೆದಳು. ತರಕಾರಿ ಹೆಚ್ಚುವ ಚೂರಿಯಿಂದ ಟೇಪು ಸೀಳಿದಳು. ಅವಳ ಮುಖದಲ್ಲಿ ಕಳ್ಳತನ ಮಾಡುವವರ ಖುಷಿಯಿತ್ತು. ಪೇಪರಿನ ಮೊದಲ ಸುತ್ತಿಗೆ ಕೈ ಹಾಕುವಾಗಲೇ ಬಾಗಿಲ ಬೀಗ ತೆರೆದ ಸದ್ದಾಯಿತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಅಮ್ಮನೂ ಎರಡು ಮಾತು ತಿರುಗಿ ಆಡುತ್ತಿದ್ದಳೋ ಏನೋ. ಅವರು ಬ್ಯಾಗು ಕೆಳಗಿಟ್ಟು, ಟೇಪು ತಂದು, ಪಕ್ಕದಲ್ಲಿ ಕೂತು, "ಒಂದು ಒಡೆದ್ರೆ ಸೆಟ್ಟು ಹೋಯ್ತಲ್ಲ. ಇದು ಇಲ್ಲಿಗಲ್ಲ, ಊರಿಗೆ" ಎಂದು ಮೆಲ್ಲಗೆ ಹೇಳಿ ಬಾಕ್ಸು ಮುಚ್ಚಿದರು. ಕರ್ರ್. ಅಮ್ಮ ಪಾಯಸವನ್ನು ಚೀಸಿನ ಡಬ್ಬಿಗಳಿಗೆ ಹೊಯ್ದು ಕೊಟ್ಟಳು. ಇವತ್ತಿಗೂ ಯಾರಾದರೂ ಮೆಲ್ಲಗೆ, ನಯವಾಗಿ ನನಗೆ ಬುದ್ಧಿ ಹೇಳಲು ಬಂದರೆ ನಾನು ಹುಚ್ಚಿಯಂತೆ ಕೂಗಾಡುವುದು ಆ ಸಂಜೆಯ ಕಾರಣಕ್ಕೇ.

ನಮ್ಮ ಮನೆಮಾತು ತುಳು, ಸ್ಕೂಲಿನಲ್ಲಿ ಇಂಗ್ಲಿಷು ಹಿಂದಿ. ಕನ್ನಡ ನನಗೆ ಬಂದದ್ದು ಆ ಬಾಕ್ಸುಗಳಿಂದ. ಅಮ್ಮನ ದುಂಡು ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ನಾನು ಓದಿದ ಮೊದಲ ಕನ್ನಡ ಶಬ್ದ 'ಜಾಗ್ರತೆ'. ಮೊನ್ನೆ ಖುರುಮ್‌ನ ಒಂದು ಹಾಲ್‌ನಲ್ಲಿ ಕನ್ನಡದ ಕಾರ್ಯಕ್ರಮವಿತ್ತು. ನಾನು ಒಂದು ಕಥೆ ಓದಿ ಕೆಳಗಿಳಿದೆ. ಬೆಂಗಳೂರಿನಿಂದ ಬಂದ ಅತಿಥಿಯೊಬ್ಬರು ಕಾಫಿ ಹೀರುತ್ತಾ, "ಭಾಷೆ ಚೆನ್ನಾಗಿದೆ ಮೇಡಂ, ಆದರೆ ನಿಮ್ಮೂರಿನ ಮಣ್ಣಿನ ವಾಸನೆ ಬರ್ತಿಲ್ಲವಲ್ಲ" ಎಂದರು. ಯಾವ ಊರು ಸ್ವಾಮಿ? ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಹೋಗಿ, ಸೊಳ್ಳೆ ಕಚ್ಚಿಸಿಕೊಂಡು, ನೆಂಟರ ಮನೆಯಲ್ಲಿ ನಮ್ಮದೇ ಸಾಬೂನಿನ ಪರಿಮಳ ಮೂಸಿ ಬಂದ ಊರೇ? ನನ್ನ ಊರಿನ ವಾಸನೆ ರಟ್ಟಿನದ್ದು, ನುಸಿಗುಳಿಗೆಯದ್ದು, ಎಸಿಯಿಂದ ತೊಟ್ಟಿಕ್ಕುವ ನೀರಿಗೆ ನೆನೆದ ಸಿಮೆಂಟಿನದ್ದು. ಅದನ್ನು ಬರೆದರೆ ಮಣ್ಣಿಲ್ಲ ಎನ್ನುತ್ತಾರೆ. ಅವತ್ತು ಬಾಯಿಗೆ ಬಂದದ್ದನ್ನು ಕಾಫಿಯ ಜೊತೆ ನುಂಗಿಕೊಂಡೆ. ಇಲ್ಲಿ ನುಂಗುವುದಿಲ್ಲ.

ಊರಿನ ಮನೆ ಎದ್ದಿತು. ಬಾಕ್ಸುಗಳೆಲ್ಲ ಕಾರ್ಗೋದಲ್ಲಿ ಹೋದವು. ಗೃಹಪ್ರವೇಶಕ್ಕೆ ನಾವೂ ಹೋದೆವು, ಊಟ ಬಾಳೆಲೆಯಲ್ಲಿ ಆಯಿತು. ಪಿಂಗಾಣಿಯನ್ನು ಯಾರೂ ಕೇಳಲಿಲ್ಲ. "ಪರ್ಮನೆಂಟಾಗಿ ಬಂದ ಮೇಲೆ ತೆಗೆದರಾಯ್ತು" ಎಂದು ಅಪ್ಪ ಬಾಕ್ಸನ್ನು ಮಹಡಿಯ ಕೋಣೆಗೆ ಹೊರಿಸಿದರು. ಅಮ್ಮ ಖಾಲಿ ಶೋಕೇಸಿನ ಗಾಜು ಒರೆಸಿದಳು. ಬೀಗ ಹಾಕಿ ಮತ್ತೆ ದಾರ್ಸೈಟ್‌ಗೆ ಬಂದೆವು, ಮತ್ತೆ ಅವೇ ತಟ್ಟೆಗಳು. ಇನ್ನೆರಡು ವರ್ಷ, ಇನ್ನೆರಡು ವರ್ಷ ಎನ್ನುತ್ತಲೇ ನನ್ನ ಓದು ಮುಗಿಯಿತು, ಮದುವೆಯಾಯಿತು. ನೆಬೀಸ ಆಂಟಿಯ ಗಂಡನ ಕೆಲಸ ಹೋಗಿ ಅವರು ಎರಡೇ ಸೂಟ್‌ಕೇಸು ಹಿಡಿದು ಊರಿಗೆ ನಡೆದರು. ಹೋಗುವಾಗ ಅವರ ಸೆಟ್ಟಿನಲ್ಲಿ ಒಂದು ಬಸಿಯೂ ಉಳಿದಿರಲಿಲ್ಲ. "ಖಲಾಸ್! ಎಲ್ಲ ತಿಂದು ಮುಗಿಸಿದೆವು" ಎಂದು ಅಮ್ಮನನ್ನು ತಬ್ಬಿಕೊಂಡು ಅತ್ತರು. ಅವರ ಬಾಗಿಲಿಗೆ ಬೇರೆ ಯಾರದೋ ಚಪ್ಪಲಿಗಳು ಬಂದವು. ಮೂರು ವರ್ಷದ ಹಿಂದೆ, ಒಂದು ಸಾಧಾರಣ ಜ್ವರವೆಂದು ಮಲಗಿದ ಅಮ್ಮ ಏಳಲಿಲ್ಲ.

ಅವಳನ್ನು ಊರಿಗೆ ಕಳಿಸಬೇಕೆಂದು ಎಲ್ಲರೂ ಹೇಳಿದರು. ಕಳಿಸಿದೆವು, ಪೆಟ್ಟಿಗೆಯಲ್ಲಿ. ಏರ್‌ಪೋರ್ಟಿನ ಕಾರ್ಗೋ ಬಾಗಿಲಿನ ಹತ್ತಿರ ಆ ಪೆಟ್ಟಿಗೆ ಬಂದಾಗ ಅಪ್ಪ ಮುಂದೆ ಹೋಗಿ ಅದರ ಅಂಚಿನುದ್ದಕ್ಕೂ ಅಂಗೈ ಸವರಿದರು. ಬಿಗಿಯಾಗಿದೆಯೇ ಎಂದು ನೋಡುತ್ತಿದ್ದರು. ಎಷ್ಟೋ ಬಾಕ್ಸುಗಳ ಮೇಲೆ ನಾನು ಕಂಡ ಅದೇ ಕೈ. ಅವರಿಗೆ ಗೊತ್ತಿಲ್ಲದೆಯೇ ಆ ಕೈ ಅಲ್ಲಿಗೆ ಹೋಯಿತು, ದುಃಖದಲ್ಲಿ ಮನುಷ್ಯ ಏನು ಮಾಡುತ್ತಾನೆ ಎಂಬುದು ಅವನ ಹಿಡಿತದಲ್ಲಿ ಇರುವುದಿಲ್ಲ ಎಂದೆಲ್ಲ ನನ್ನ ಗಂಡ ಸಮಾಧಾನ ಹೇಳಿದರು. ಇರಬಹುದು. ನಾನು ಆ ಕೈಯನ್ನು ಕ್ಷಮಿಸಿಲ್ಲ. ಬೊಜ್ಜದ ದಿನ, ಅಮ್ಮನ ಉತ್ತರಕ್ರಿಯೆಗೆ ಬಂದವರೆಲ್ಲ ಅವಳ ಕನಸಿನ ಹಾಲ್‌ನಲ್ಲಿ ಬಾಳೆಲೆ ಹಾಸಿ ಉಣ್ಣುತ್ತಿದ್ದಾಗ ನಾನು ಮಹಡಿಗೆ ಹೋಗಿ ಆ ಬಾಕ್ಸನ್ನು ಒಡೆದೆ. ಟೇಪು ಒಣಗಿ ಪುಡಿಪುಡಿಯಾಗಿತ್ತು. ಅರಬಿ ಪೇಪರು ಹಳದಿಯಾಗಿತ್ತು, ಸುತ್ತು ಮಾತ್ರ ಅಮ್ಮ ಸುತ್ತಿದ ಹಾಗೆಯೇ ಇತ್ತು. ಬಿಚ್ಚದೆ ನಾಲ್ಕು ಪ್ಲೇಟುಗಳನ್ನು ನನ್ನ ಬ್ಯಾಗಿನಲ್ಲಿ ಸೀರೆಗಳ ನಡುವೆ ಇಟ್ಟು ಮಸ್ಕತ್ತಿಗೆ ತಂದೆ. ಅಪ್ಪ ಕೆಲಸದಿಂದ ನಿವೃತ್ತರಾಗಿ, ಆ ಫ್ಲಾಟು ಬಿಟ್ಟುಕೊಟ್ಟು, ಅಲ್ ಗುಬ್ರಾದ ನಮ್ಮ ಮನೆಗೆ ಬಂದು ಸೇರಿದರು.

ತಂದ ಪ್ಲೇಟುಗಳಲ್ಲಿ ನಾನು ಉಂಡೆನೇ? ಇಲ್ಲ! ಕಿಚನ್ನಿನ ಎತ್ತರದ ಕಪಾಟಿನಲ್ಲಿ, ಪೇಪರಿನ ಸುತ್ತೂ ಬಿಚ್ಚದೆ ಇಟ್ಟೆ. ಒಳ್ಳೆಯ ದಿನಕ್ಕೆ ಅಂತ. ಬರವಣಿಗೆಯಲ್ಲೂ ನನ್ನದು ಇದೇ ಹಾಡು. ಮಗಳ ಸ್ಕೂಲಿನ ಹೊರಗೆ ಕಾರಿನಲ್ಲಿ ಕಾಯುವಾಗ ಒಂದು ಒಳ್ಳೆಯ ವಾಕ್ಯ ಹೊಳೆದರೆ, ಕೈಯಲ್ಲಿರುವ ಕಥೆಗೆ ಅದನ್ನು ಕೊಡುತ್ತಿರಲಿಲ್ಲ. ಇದು ಮುಂದೆ ಬರೆಯುವ ಕಾದಂಬರಿಗೆ ಎಂದು ಎತ್ತಿಡುತ್ತಿದ್ದೆ. ಅಮ್ಮ, ನೆಬೀಸ ಆಂಟಿ, ಬಾಕ್ಸಿನ ಸೋಫಾ, ಪಾಯಸದ ಸಂಜೆ ಎಲ್ಲವನ್ನೂ ಆ ಕಾದಂಬರಿಗೆಂದು ಕಟ್ಟಿಟ್ಟು, ಕಥೆಗಳಲ್ಲಿ ಅಂಚು ಎದ್ದ ತಟ್ಟೆಗಳನ್ನೇ ಬಡಿಸಿದೆ. ಆ ಶುಕ್ರವಾರ ಅಪ್ಪನ ಮೇಲೆ ಕೂಗಾಡಿ, ಟವೆಲ್‌ಗಳನ್ನು ಬಾಕ್ಸಿನಿಂದ ಕಿತ್ತು ಹೊರಗೆಸೆದು, ಕಿಚನ್ನಿಗೆ ಬಂದು ನಿಂತಾಗ ಆ ಕಪಾಟು ಕಣ್ಣಿಗೆ ಬಿತ್ತು. ಥೂ ನನ್ನ ಜನ್ಮಕ್ಕೆ ಎನಿಸಿತು. ಸ್ಟೂಲು ಹಾಕಿ ಹತ್ತಿ ನಾಲ್ಕನ್ನೂ ಇಳಿಸಿದೆ. ಪೇಪರು ಹರಿದು, ತೊಳೆದು, ಮಧ್ಯಾಹ್ನ ಮೇಜಿನ ಮೇಲೆ ಇಟ್ಟೆ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ವಿಶೇಷ ಏನೂ ಇರಲಿಲ್ಲ.

"ಮಮ್ಮಾ, ಆರ್ ದೀಸ್ ನ್ಯೂ?" ಎಂದಳು ಮಗಳು. "ನಿನಗಿಂತ ಹಳತು. ಉಣ್ಣು" ಎಂದೆ. ಅಪ್ಪ ಮೇಜಿನ ಮೂಲೆಯಲ್ಲಿದ್ದ ಹರಿದ ಅರಬಿ ಪೇಪರು ಕಂಡದ್ದೇ, ಪ್ಲೇಟಿನ ಕಡೆ ನೋಡದೆಯೇ ಕೈ ಹಿಂದಕ್ಕೆಳೆದುಕೊಂಡರು. "ಇದು ಯಾಕೆ ತೆಗೆದದ್ದು? ನನಗೆ ಸ್ಟೀಲಿನದ್ದು ಸಾಕು. ಒಂದು ಒಡೆದ್ರೆ..." "ಒಡೀಲಿ ಅಪ್ಪ! ಯಾರಿಗೆ ಇಡುವುದು ಇನ್ನು? ಸುಮ್ಮನೆ ಊಟ ಮಾಡಿ" ಎಂದು ಕಿರುಚಿದೆ. ಗಂಡ ಏನೋ ಹೇಳಲು ಬಾಯಿ ತೆರೆದವರು ನನ್ನ ಮುಖ ನೋಡಿ ಅನ್ನದ ಪಾತ್ರೆಯನ್ನು ನನ್ನತ್ತ ಸರಿಸಿದರು. ನಾನು ಅನ್ನ ಬಡಿಸಿದೆ, ಸಾರು ಹಾಕಿದೆ. ಅಪ್ಪ ತಲೆ ತಗ್ಗಿಸಿ ಉಂಡರು. ಸ್ವಲ್ಪ ಹೊತ್ತಾದ ಮೇಲೆ ಅವರ ಬೆರಳು ನಿಂತಿತು. ಅನ್ನವನ್ನು ಒಂದು ಬದಿಗೆ ಸರಿಸಿ, ಕನ್ನಡಕ ಮೂಗಿನ ಮೇಲೆ ಏರಿಸಿ, ಬಗ್ಗಿ ನೋಡಿದರು. "ಇದರಲ್ಲಿ ಹೂ ಉಂಟಾ?" ಎಂದು ಕೇಳಿದರು.

ಬಾಕ್ಸು ಕಟ್ಟಿದವರು ಅವರು, ಹಗ್ಗ ಬಿಗಿದವರು ಅವರು, ಮಹಡಿ ಹತ್ತಿಸಿದವರೂ ಅವರೇ. ಪೇಪರಿನೊಳಗೆ ಏನಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಇಷ್ಟು ವರ್ಷ ಅವರಿಗೆಂದು ಸಿಟ್ಟಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಒಟ್ಟಿಗೇ ಬಾಯಿಗೆ ಬಂದವು. ಒಂದೇ ಒಂದನ್ನು ಹೇಳಿದೆ.

"ಉಂಟು ಅಪ್ಪ. ಅಮ್ಮ ನೋಡಿದ್ಲು, ಮನೆಗೆ ತಂದ ದಿನ. ಆಮೇಲೆ ನೋಡ್ಲಿಕ್ಕೆ ಸಿಗಲಿಲ್ಲ ಅವಳಿಗೆ."

ಅಪ್ಪ ಉಳಿದ ಅನ್ನವನ್ನು ಒಂದು ಅಗುಳೂ ಬಿಡದೆ ಉಂಡರು. ಉಂಡಾದ ಕೂಡಲೇ ಎದ್ದು ತಟ್ಟೆ ತೊಳೆದಿಡುವುದು ಅವರ ಅಭ್ಯಾಸ. ಅವತ್ತು ಏಳಲಿಲ್ಲ. ಖಾಲಿ ಪ್ಲೇಟಿನ ನಡುವಿನ ಆ ನೀಲಿ ಹೂವನ್ನು ನೋಡುತ್ತಾ, ಸಾರಿನ ಕೈ ಒಣಗಿಹೋಗುವವರೆಗೂ ಕೂತೇ ಇದ್ದರು. ನಾನೂ ಎಬ್ಬಿಸಲಿಲ್ಲ.