ತಮ್ಮನಿಗೆ ಇಟ್ಟ ಎಡೆ

ಅರಸೀಕೆರೆ ಬಸ್ ಸ್ಟ್ಯಾಂಡ್ ಎದುರು ನನ್ನ ತಮ್ಮನ ಫ್ಲೆಕ್ಸ್ ಕಟ್ಟಿದ್ದರು. ಅವನು ಮಿಲಿಟರಿಯಲ್ಲಿದ್ದ. ದೇಹ ಇನ್ನೂ ದಾರಿಯಲ್ಲಿತ್ತು. ನಾನು ಅವ್ವನ ಹತ್ತಿರ ಹೋಗಲು ಕಣಕಟ್ಟೆ ಕಡೆಯ ಬಸ್ಸಿಗೆ ಕಾಯುತ್ತಾ ಆ ಫ್ಲೆಕ್ಸಿನ ಕೆಳಗೇ ನಿಂತಿದ್ದೆ. ಮೊದಲು ಯಾರದೋ ಮನೆಯ ಹುಡುಗ, ಪಾಪ, ಅಂದುಕೊಂಡೆ. ಹೆಸರು ಓದಿದ ಮೇಲೆ ಗೊತ್ತಾಯಿತು, ನಮ್ಮ ಮನೆಯದೇ.

ಗುರುತು ಸಿಗದೆ ಇದ್ದದ್ದಕ್ಕೆ ಕಾರಣ ಇತ್ತು. ಅವನಿಗೆ ಮೀಸೆ ಬರೆದಿದ್ದರು. ತುದಿ ತಿರುವಿದ ದಪ್ಪ ಮೀಸೆ. ನನ್ನ ತಮ್ಮನಿಗೆ ಮೀಸೆ ಬರುತ್ತಲೇ ಇರಲಿಲ್ಲ. "ಮಳೆ ಕೈಕೊಟ್ಟ ರಾಗಿ ಹೊಲ ಕಣಕ್ಕ ಇದು, ಅಲ್ಲೊಂದು ಪೈರು ಇಲ್ಲೊಂದು ಪೈರು" ಅನ್ನುತ್ತಿದ್ದ. ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. ಅದನ್ನು ಮುಚ್ಚಿಕೊಳ್ಳುವ ಯೋಚನೆಯೇ ಅವನಿಗೆ ಬರಲಿಲ್ಲ. ಯಾವ ಫೋಟೋ ತೆಗೆದರೂ ಆ ಮುರಿದ ಹಲ್ಲೇ ಮೊದಲು ಬರಬೇಕು. ಫ್ಲೆಕ್ಸಿನವರು ಗುರುತಿನ ಚೀಟಿಯ ಫೋಟೋ ತೆಗೆದುಕೊಂಡು, ತುಟಿ ಬಿಗಿಸಿ, ಹುಬ್ಬು ಗಂಟು ಹಾಕಿಸಿ, ಹಿಂದೆ ಎರಡು ವಿಮಾನ ಹಾರಿಸಿದ್ದರು. ಕೆಳಗಡೆ ಸಾಲಾಗಿ ಶ್ರದ್ಧಾಂಜಲಿ ಸಲ್ಲಿಸುವವರ ಮುಖಗಳು. ಅವರೆಲ್ಲ ನಗುತ್ತಿದ್ದರು. ಜೀವಮಾನವೆಲ್ಲ ನಕ್ಕವನ ಬಾಯಿ ಮುಚ್ಚಿಸಿ ಇವರು ಹಲ್ಲು ಬಿಟ್ಟುಕೊಂಡು ನಿಂತಿದ್ದರು. ನನ್ನ ಸಿಟ್ಟು ಶುರುವಾದದ್ದು ಅಲ್ಲಿಂದ. ಇವತ್ತಿಗೂ ಇಳಿದಿಲ್ಲ.

ನಾನು ಹೆಚ್ಚು ಓದಿದವಳಲ್ಲ. ಹತ್ತನೇ ಕ್ಲಾಸು ಮುಗಿಸಿ, ಮದುವೆಯಾಗಿ, ಅರಸೀಕೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಜಾಸ್ತಿ ಮಾತಾಡುವ ಅಭ್ಯಾಸವೂ ಇಲ್ಲ. ಮನೆಯಲ್ಲಿ ಮಾತೆಲ್ಲ ಅವನೇ ಆಡಿ ಮುಗಿಸುತ್ತಿದ್ದ.

ಅವನು ರಜೆಗೆ ಬಂದರೆ ನಮ್ಮ ಊರಿನಲ್ಲಿ ಒಂದು ತಮಾಷೆ ನಡೆಯುತ್ತಿತ್ತು. ಮಿಲಿಟರಿ ಕ್ಯಾಂಟೀನಿನ ರಮ್ ಬಾಟಲಿಗೆ ಗಂಡಸರೆಲ್ಲ ಕಾದಿರುತ್ತಿದ್ದರು. ಸಿಕ್ಕಿದಷ್ಟನ್ನು ಒಟ್ಟುಮಾಡಿ ತರುತ್ತಿದ್ದ. ಅದು ಎಲ್ಲರಿಗೂ ಗೊತ್ತು. ಆದರೂ ಒಬ್ಬೊಬ್ಬರನ್ನೇ ಹಿತ್ತಿಲಿಗೆ ಕರೆದು, ಅತ್ತಿತ್ತ ನೋಡಿ, ಕಿವಿಯಲ್ಲಿ ಹೇಳುತ್ತಿದ್ದ.

"ಮಾವ, ಇದೊಂದೇ ಉಳಿದಿದ್ದು. ನಿಮಗೇ ಅಂತ ಬಚ್ಚಿಟ್ಕೊಂಡು ತಂದಿವ್ನಿ. ಯಾರ್ಗೂ ಬಾಯ್ಬಿಡ್ಬೇಡಿ ಮತ್ತೆ."

ಆ ಮಾವ ಟವೆಲ್ಲಿನಲ್ಲಿ ಸುತ್ತಿಕೊಂಡು ಹೋಗುವಾಗ ಎದುರಿಗೆ ಇನ್ನೊಬ್ಬರು ಟವೆಲ್ ಸುತ್ತಿಕೊಂಡು ಬರುತ್ತಿದ್ದರು. ಇಬ್ಬರೂ ಆಕಾಶ ನೋಡಿಕೊಂಡು ದಾಟುತ್ತಿದ್ದರು. ಇವನು ಕಿಟಕಿಯಲ್ಲಿ ನಿಂತು, ಬಾಯಿಗೆ ದಿಂಬು ಒತ್ತಿಕೊಂಡು ನಗುತ್ತಿದ್ದ. "ನೋಡಕ್ಕ, ಒಬ್ಬೊಬ್ರೂ ಹೆಂಗೆ ರಾಜ ಆಗವ್ರೆ!" ಬರೀ ಕೊಟ್ಟರೆ ಅವನಿಗೆ ಸಾಲುತ್ತಿರಲಿಲ್ಲ. ಇಸಕೊಂಡವರು ತಮ್ಮನ್ನು ದೊಡ್ಡವರು ಅಂದುಕೊಳ್ಳಬೇಕು, ಅಲ್ಲಿಗೆ ಅವನಿಗೆ ಸಮಾಧಾನ.

ಒಂದು ಸಲ ಬೂಟನ್ನೇ ಕೊಟ್ಟುಬಿಟ್ಟ. ಪಕ್ಕದ ಮನೆಯವನು ಕರೆಂಟು ಬಂದಾಗ ಕತ್ತಲಲ್ಲೇ ತೆಂಗಿನ ತೋಟಕ್ಕೆ ನೀರು ಬಿಡಲು ಹೋಗುತ್ತಾನೆ. ಅವನಿಗೆ ಹಾವಿನ ಭಯ. ಇವನು ರೈಲಿಗೆ ಹೊರಟವನು ಅಂಗಳದಲ್ಲೇ ಕೂತು ಬೂಟು ಬಿಚ್ಚಿ ಅವನ ಕಾಲಿಗೆ ಹಾಕಿ, ತಾನು ಚಪ್ಪಲಿ ಮೆಟ್ಟಿಕೊಂಡ. ಅವ್ವ ಗಾಬರಿಯಾದಳು.

"ಅಲ್ಲಿ ಸಾಹೇಬ್ರು ಬೂಟೆಲ್ಲೋ ಅಂದ್ರೆ ಏನಂತೀಯ?"

"ಹಾವು ಕಚ್ತು ಅಂತೀನಿ."

"ಥೂ, ಬಿಡ್ತು ಅನ್ನು."

"ನನ್ಗಲ್ಲ ಕಣವ್ವ, ಬೂಟಿಗೆ."

ಕೊನೆಯ ಸಲ ಬಂದಾಗ ನಮ್ಮ ಬೀದಿಯ ಹೆಂಗಸರನ್ನೆಲ್ಲ ಒಂದು ಗೂಡ್ಸ್ ಗಾಡಿಯಲ್ಲಿ ಕೂರಿಸಿಕೊಂಡು ಬೇಲೂರು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದ. ಪರದೇಶದವರು ಬಂದು ನೋಡಿ ಹೋಗುತ್ತಾರೆ, ನಮ್ಮವರಲ್ಲಿ ಅರ್ಧ ಜನ ನೋಡಿರಲಿಲ್ಲ. ಹಾಲು ಕರೆಯೋದು ಯಾರು, ಕಾಯಿ ಸುಲಿಯೋದು ಯಾರು ಅಂತ ಹೇಳಿಕೊಂಡೇ ವಯಸ್ಸಾಗಿತ್ತು. ಬೇಲೂರಿನಲ್ಲಿ ಅವನೇ ಗೈಡು. ಕನ್ನಡಿ ಹಿಡಿದ ಶಿಲಾಬಾಲಿಕೆಯ ಕೆಳಗೆ ನಿಂತು ಕೈ ಎತ್ತಿದ.

"ನೋಡ್ರವ್ವ, ಈಯಮ್ಮ ಮದ್ವೆಗೆ ಹೋಗಕ್ಕೆ ರೆಡಿ ಆಗ್ತಾವ್ಳೆ. ನೂರಾರು ವರ್ಷ ಆಯ್ತು, ಇನ್ನೂ ಆಗಿಲ್ಲ. ಗಂಡ ಹೊರಗೆ ಕಾದು ಕಾದು ಕಲ್ಲಾಗೋದ. ನಮ್ಮ ಭಾವನೂ ಹಿಂಗೇ ಆಗ್ತಾರೆ, ಅಕ್ಕ, ಸ್ವಲ್ಪ ಕನಿಕರ ಇರ್ಲಿ."

ಬಿಲ್ಲೆ ಹಾಕಿಕೊಂಡ ನಿಜವಾದ ಗೈಡು ಪಕ್ಕದಲ್ಲಿ ಇನ್ನೊಂದು ಗುಂಪಿಗೆ ವಿವರಿಸುತ್ತಿದ್ದವರು ನಿಲ್ಲಿಸಿ ನಕ್ಕರು. ಅವರ ಗುಂಪು ಮೆಲ್ಲಗೆ ನಮ್ಮ ಕಡೆ ಸರಿಯಿತು.

ಹಳೇಬೀಡು ನೋಡಿಕೊಂಡು ಬಸ್ತಿಹಳ್ಳಿಗೆ ಹೋದೆವು. ಅಲ್ಲಿನ ಬಸದಿಯ ಕಂಬಗಳು ಮುಖ ಕಾಣುವಷ್ಟು ನುಣುಪು. ಒಂದು ಕಡೆ ನಿಂತರೆ ಮುಖ ಉದ್ದ, ಇನ್ನೊಂದು ಕಡೆ ನಿಂತರೆ ಅಗಲ. ಅವ್ವನನ್ನು ಕಂಬದ ಮುಂದೆ ನಿಲ್ಲಿಸಿ, "ನೋಡು, ನೀನು ನನ್ನ ಹೆರೋ ಮುಂಚೆ ಹಿಂಗಿದ್ದೆ, ಹೆತ್ತ ಮೇಲೆ ಹಿಂಗಾದೆ" ಅಂದ. ಅವ್ವ ಅವನ ಬೆನ್ನಿಗೆ ಗುದ್ದಿದಳು. ಅದೇ ಗಳಿಗೆಯಲ್ಲಿ ನಾನು ಮೊಬೈಲಿನಲ್ಲಿ ಫೋಟೋ ತೆಗೆದೆ. ಕಣ್ಣು ಮುಚ್ಚಿ, ಬಾಯಿ ಪೂರ್ತಿ ತೆರೆದು ನಗುತ್ತಿದ್ದಾನೆ. ಅದೇ ನನ್ನ ತಮ್ಮ.

ದೇಹದ ಜೊತೆ ಬಂದ ಸೈನಿಕರಲ್ಲಿ ಹಾವೇರಿ ಕಡೆಯ ಒಬ್ಬರಿದ್ದರು. ಅವನ ಜೊತೆ ಒಂದೇ ಬ್ಯಾರಕ್ಕಿನಲ್ಲಿದ್ದವರು. ಮಣ್ಣು ಮಾಡಿದ ಮೇಲೆ ಅವ್ವನ ಕಾಲ ಹತ್ತಿರ ಕೂತು ನಡೆದದ್ದು ಹೇಳಿದರು. ಬೆಟ್ಟದ ರಸ್ತೆ ಕುಸಿದು ಗಾಡಿ ಕಣಿವೆಗೆ ಬಿತ್ತಂತೆ. ಅಷ್ಟೇ. "ಭಾಳ ನಗಸ್ತಿದ್ದ ರೀ ಅವ್ವಾರ. ಗಾಡಿ ಹತ್ತೂ ಮುಂದನೂ ನಗಸಿದ್ದ. ಏನಂದಿದ್ದ ಅನ್ನೂದು ನೆನಪಾಗವಲ್ದು. ಅದ ನನಗ ತ್ರಾಸ ಆಗೇತಿ" ಅಂದು ಅತ್ತರು. ನಮ್ಮ ಜೊತೆ ನಿಜವಾಗಿ ಅತ್ತವರು ಅವರೊಬ್ಬರೇ ಅಂತ ನನಗೆ ಅನ್ನಿಸುತ್ತದೆ.

ಕಣಿವೆಗೆ ಬಿದ್ದದ್ದು ನಮ್ಮ ಊರಿನವರಿಗೆ ಸಾಲಲಿಲ್ಲ. ವಾರ ಕಳೆಯುವುದರೊಳಗೆ ಮೈಕಿನಲ್ಲಿ ಅವನು ಶತ್ರುಗಳ ಗುಂಡಿಗೆ ಎದೆಯೊಡ್ಡಿದ್ದ. ಇನ್ನೊಂದು ಸಭೆಯಲ್ಲಿ ಕೆಲವರನ್ನು ಕೊಂದೂ ಇದ್ದ. ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವವನು ಅವನು. ಡ್ಯೂಟಿಗೆ ಹೋಗುವಾಗ ಸತ್ತವನ ಸಾವು ಸಣ್ಣದೇ? ಅವನು ಮಾಡಿದ ಕೆಲಸಕ್ಕೆ ಬೆಲೆ ಬರಬೇಕಾದರೆ ಇವರ ಸುಳ್ಳು ಸೇರಬೇಕೇ? ನಾನು ಕೇಳಲಿಲ್ಲ. ಅವ್ವನ ಪಕ್ಕ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಶಾಲು ಹೊದ್ದುಕೊಂಡು ಕೂತಿದ್ದೆ.

ಆಮೇಲೆ ಅವನ ಹೆಸರಿನಲ್ಲಿ ಒಂದು ಸಮಿತಿ ಆಯಿತು. ಊರ ಬಾಗಿಲಲ್ಲಿ ಮೂರ್ತಿ ನಿಂತಿತು. ಅದಕ್ಕೂ ಮೀಸೆ.

ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ನಮ್ಮಲ್ಲಿ ಅದು ಹಿರಿಯರ ಹಬ್ಬ. ಮನೆಯಲ್ಲಿ ತೀರಿಕೊಂಡವರಿಗೆ ಅವತ್ತು ಎಡೆ ಇಡುತ್ತೇವೆ. ಬದುಕಿದ್ದಾಗ ಅವರಿಗೆ ಏನು ಇಷ್ಟವೋ ಅದೇ ಎಲೆಗೆ ಬೀಳಬೇಕು. ಮಾಂಸ ತಿನ್ನುತ್ತಿದ್ದವರಿಗೆ ಮಾಂಸ, ಎಲೆಯಡಿಕೆಯವರಿಗೆ ಎಲೆಯಡಿಕೆ, ಕುಡಿಯುತ್ತಿದ್ದವರಿಗೆ ಒಂದು ಲೋಟ. ಇಷ್ಟವಿಲ್ಲದ್ದನ್ನು ಇಟ್ಟರೆ ಬಂದವರು ಹಸಿದುಕೊಂಡೇ ವಾಪಸ್ಸು ಹೋಗುತ್ತಾರೆ. ತಮ್ಮನಿಗೆ ಇದು ಮೊದಲನೇ ಎಡೆ. ಅವನು ಹೋದಾಗಿನಿಂದ ಒಲೆಯ ಕಡೆ ಸರಿಯಾಗಿ ನೋಡದಿದ್ದ ಅವ್ವ ಆ ವಾರ ಮಸಾಲೆ ಹುರಿಯಲು ಕೂತಳು. ನಾಟಿ ಕೋಳಿಗೆ ಹೇಳಿಟ್ಟಳು. ಅವನೇ ಮುಂದಿನ ರಜೆಗೆ ಅಂತ ಅಟ್ಟದ ಮೇಲಿಟ್ಟಿದ್ದ ರಮ್ ಬಾಟಲಿಯನ್ನು ಕೆಳಗಿಳಿಸಿ ಒರೆಸಿ ಇಟ್ಟಳು. ಮಗನಿಗೆ ಒಂದು ಊಟ ಬಡಿಸುವುದು, ಅಷ್ಟೇ ಅವಳಿಗೆ ಉಳಿದಿದ್ದ ಕೆಲಸ.

ಹಬ್ಬಕ್ಕೆ ಎರಡು ದಿನ ಇದೆ ಅನ್ನುವಾಗ ಸಮಿತಿಯ ಅಧ್ಯಕ್ಷರು ಬಂದರು. ದೂರದ ಸಂಬಂಧದಲ್ಲಿ ನನಗೆ ಮಾವ. ತಮ್ಮ ತಂದ ಬಾಟಲಿಗಳಲ್ಲಿ ಮೊದಲನೆಯದು ಯಾವಾಗಲೂ ಹೋಗುತ್ತಿದ್ದುದು ಇವರ ಟವೆಲ್ಲಿಗೆ.

"ಈ ಸಲ ಎಡೆ ಮೂರ್ತಿ ಮುಂದೆ ಕಣವ್ವ. ದೊಡ್ಡೋರು ಬತ್ತಾವ್ರೆ, ಟಿವಿಯೋರೂ ಬತ್ತಾರೆ. ಸಿಹಿ ಪೊಂಗಲು, ಕೋಸಂಬರಿ, ಎಲ್ಲ ಸಮಿತಿದೇ. ನೀವು ಬಂದು ನಿಂತ್ಕೊಂಡ್ರೆ ಸಾಕು."

"ಅವ್ನಿಗೆ ಪೊಂಗಲು ಸೇರ್ತಿರ್ಲಿಲ್ಲ ಕಣಣ್ಣ" ಅಂದಳು ಅವ್ವ.

"ಸತ್ತೋರ್ಗೆ ಸೇರೋದೇನು, ಸೇರ್ದಿರೋದೇನು?"

ಈ ಮಾವ ತಮ್ಮ ಅಪ್ಪನ ಎಡೆಗೆ ಪ್ರತಿ ವರ್ಷ ಬೋಟಿ ಗೊಜ್ಜು ಇಟ್ಟು, ಬೀಡಿ ಕಟ್ಟಿನ ಪಕ್ಕ ಮರೆಯದೆ ಬೆಂಕಿಪೊಟ್ಟಣ ಇಡುತ್ತಾರೆ. ಇವರ ಅಪ್ಪ ಬೀಡಿ ಹಚ್ಚಿಕೊಳ್ಳಬೇಕು. ನನ್ನ ತಮ್ಮ ಪೊಂಗಲು ತಿನ್ನಬೇಕು.

ಹೊರಡುವಾಗ ಬಾಟಲಿ ಕಣ್ಣಿಗೆ ಬಿತ್ತು. ದನಿ ಇಳಿಸಿದರು. "ಇದನ್ನ ಒಳಗಿಡವ್ವ. ಮನೇಲೂ ಕೋಳಿ ಗೀಳಿ ಬ್ಯಾಡ. ಹುತಾತ್ಮ ಕುಡೀತಿದ್ದ ಅಂತ ಒಂದು ಮಾತು ಬಂದ್ರೆ ಊರ ಮರ್ಯಾದೆ ಹೋಯ್ತದೆ. ಅವ್ನೀಗ ನಿನ್ ಮಗ ಅಲ್ಲ, ದೇಶದ ಮಗ."

ಅವ್ವ ತಲೆ ಆಡಿಸಿದಳು. ಅವರು ಹೋದ ಮೇಲೆ ಮಸಾಲೆ ಡಬ್ಬಿಯ ಮುಚ್ಚಳ ಹಾಕಿ ಗೋಡೆಗೆ ಒರಗಿ ಕೂತಳು. ಅವನ ಸುದ್ದಿ ಬಂದ ದಿನವೂ ಅವಳು ಹೀಗೆ ಕೂತಿದ್ದಳು. "ಅಲ್ಲೂ ಹಸ್ಕೊಂಡೇ ಇರ್ಬೇಕಾ ಅವ್ನು" ಅಂದಳು, ನನಗಲ್ಲ, ಗೋಡೆಗೆ.

ನಾನು ಡಬ್ಬಿಯ ಮುಚ್ಚಳ ತೆಗೆದೆ.

ಅಮಾವಾಸ್ಯೆಯ ದಿನ ಬೆಳಗಾಗುವ ಹೊತ್ತಿಗೇ ಒಲೆ ಹಚ್ಚಿದೆವು. ಮುದ್ದೆ, ನಾಟಿ ಕೋಳಿ ಸಾರು, ಹುರಿದ ಕೋಳಿ ಈಲಿ, ಅನ್ನ. ಹಿಂದೆಯೇ ತೀರಿಕೊಂಡಿದ್ದ ಅಪ್ಪನಿಗೆ ಒಂದು ಎಲೆ, ಪಕ್ಕದಲ್ಲಿ ತಮ್ಮನಿಗೆ ಒಂದು. ಹೊಸ ಲುಂಗಿ, ಹೊಸ ಅಂಗಿ. ಪ್ರಿಂಟ್ ಹಾಕಿಸಿ ತಂದಿದ್ದ ಬಸ್ತಿಹಳ್ಳಿಯ ಫೋಟೋವನ್ನು ಗೋಡೆಗೆ ಒರಗಿಸಿದೆ. ಮಗನಿಗೆ ತಾನು ರಮ್ ಸುರಿಯುತ್ತೇನೆಂದು ಅವ್ವ ಯಾವತ್ತೂ ಅಂದುಕೊಂಡಿರಲಿಲ್ಲ. ಅಂದಾಜು ಗೊತ್ತಾಗದೆ ಲೋಟ ತುಂಬಿಸಿಬಿಟ್ಟಳು. ಧೂಪ ಹಾಕಿ, ಕೈ ಮುಗಿದು, ಇಬ್ಬರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಎಡೆ ಇಟ್ಟ ಮೇಲೆ ಬಂದವರು ನಾಚಿಕೆ ಇಲ್ಲದೆ ಉಣ್ಣಲಿ ಅಂತ ಬಾಗಿಲು ಮುಚ್ಚುವುದು ನಮ್ಮ ಪದ್ಧತಿ. ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕಾದು, ಬಾಗಿಲು ತಟ್ಟಿ, ಆಮೇಲೆ ತೆಗೆಯುತ್ತೇವೆ. ಅಷ್ಟರೊಳಗೆ ಯಾರೂ ತೆಗೆಯುವ ಹಾಗಿಲ್ಲ.

ಅವ್ವ ಜಗಲಿಯ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಎಲೆಯಡಿಕೆ ಮುಗಿಯಿತು. ಏಳಲಿಲ್ಲ. ನಾನೂ ಏಳು ಅನ್ನಲಿಲ್ಲ.

ಜೀಪು ಬಂದು ನಿಂತಿತು. ಮಾವ, ಸಮಿತಿಯ ಗಂಡಸರು, ಕ್ಯಾಮೆರಾ ಹಿಡಿದ ಹುಡುಗ. ಕೋಳಿ ಸಾರಿನ ವಾಸನೆ ಬೀದಿಯವರೆಗೂ ಇತ್ತು. ಮಾವನ ಮುಖ ಕಪ್ಪಿಟ್ಟಿತು.

"ಏನವ್ವ ಇದು? ಹೇಳಿರ್ಲಿಲ್ವ ನಾನು? ದೊಡ್ಡೋರು ಬಂದು ಕೂತವ್ರೆ. ಏಳು, ಏಳು."

"ಉಣ್ತಾವ್ನೆ" ಅಂದಳು ಅವ್ವ. "ಇರಿ."

ಕ್ಯಾಮೆರಾದ ಹುಡುಗ ಮುಂದೆ ಬಂದ. "ಅಮ್ಮ, ಒಂದ್ನಿಮಿಷ ಬಾಗ್ಲು ತೆಗೀರಿ. ಎಡೆದೊಂದು ಶಾಟ್ ತಗೊಂಡು ಹೋಗ್ತೀನಿ."

ಹಿಂದೆ ನಿಂತಿದ್ದ ಒಬ್ಬ ಅಜ್ಜ ಅವನ ತೋಳು ಹಿಡಿದು ಎಳೆದರು. "ಎಡೆ ಬಾಗ್ಲು ಕಣ್ಲಾ ಅದು, ಮುಟ್ಟಬ್ಯಾಡ."

ಯಾರೂ ಮುಟ್ಟಲಿಲ್ಲ. ಇಷ್ಟು ದಿನ ಅವನ ಮುಖ ಮುಟ್ಟಿದ್ದರು, ಸಾವು ಮುಟ್ಟಿದ್ದರು. ಮುಚ್ಚಿದ ಬಾಗಿಲು ಮುಟ್ಟಲು ಅವರಿಗೆ ಹೆದರಿಕೆ ಇತ್ತು. ಬಿಸಿಲಿನಲ್ಲಿ ನಿಂತರು. ಮಾವನ ಮೊಬೈಲು ಹೊಡೆದುಕೊಳ್ಳುತ್ತಲೇ ಇತ್ತು. "ಬಂದ್ವಿ ಸಾರ್, ಬಂದ್ವಿ" ಅನ್ನುತ್ತಾ ಅಂಗಳದಲ್ಲಿ ಸುತ್ತು ಹೊಡೆದರು.

"ಎಷ್ಟೊತ್ತವ್ವ ಉಣ್ತಾನೆ?"

"ಅವನ ಕೈಲಿ ಇಸ್ಕೊಂಡು ನೀವು ಎಷ್ಟೊತ್ತು ಕುಡೀತಿದ್ರಿ ಅಂತ ನಾನು ಯಾವತ್ತಾದ್ರೂ ಕೇಳಿದ್ನಾ ಅಣ್ಣ?"

ಮಾವ ಬಾಯಿ ತೆರೆದರು. ಅದಕ್ಕೆ ಮೊದಲು ನನ್ನ ಬಾಯಿಂದ ಮಾತು ಹೊರಟಿತ್ತು. ನನ್ನ ದನಿ ಅಷ್ಟು ಜೋರಾಗಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

"ಒಳಗೆ ಲೋಟದ ತುಂಬ ರಮ್ ಐತೆ ಮಾವ. ಟಿವಿಯೋರ್ಗೆ ಹೇಳಿ. ಕುಡೀತಿದ್ದ, ನಗ್ತಿದ್ದ, ನಿಮಗೆಲ್ಲ ಕೊಡ್ತಿದ್ದ. ಗುಂಡು ಬಿದ್ದು ಸಾಯ್ಲಿಲ್ಲ ಅವ್ನು, ಗಾಡಿ ಬಿದ್ದು ಸತ್ತ. ಮೀಸೆ ಇರ್ಲಿಲ್ಲ. ಅದನ್ನೂ ಹೇಳಿ."

ಗಂಡಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕ್ಯಾಮೆರಾದ ಹುಡುಗ ಕ್ಯಾಮೆರಾ ಕೆಳಗಿಳಿಸಿದ. ಸ್ವಲ್ಪ ಹೊತ್ತಿಗೆ ಜೀಪು ಹಾಗೇ ಹಿಂದಕ್ಕೆ ತಿರುಗಿ ಹೋಯಿತು.

ಆಮೇಲೂ ಅವ್ವ ಏಳಲಿಲ್ಲ. ಊರ ಬಾಗಿಲಿನಿಂದ ಮೈಕಿನ ದನಿ ಬರತೊಡಗಿತು. ಅವಳಿಗೆ ಒಂದು ಕಿವಿ ಮಂದ.

"ಏನಂತಾವ್ರೆ?"

"ಮನೆಯೋರು ದುಃಖ ತಡೀಲಾರ್ದೆ ಬಂದಿಲ್ಲ ಅಂತಾವ್ರೆ."

ಅವ್ವ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಗ ಹೋದ ಮೇಲೆ ಅವಳ ಕಣ್ಣಿನಲ್ಲಿ ಸಿಟ್ಟು ಕಂಡದ್ದು ಅವತ್ತೇ ಮೊದಲು. ನನಗೆ ಅದರಿಂದ ಜೀವ ಬಂದ ಹಾಗಾಯಿತು.

"ದುಃಖ ಅಂತೆ" ಅಂದಳು. "ಬಾ, ಬಾಗ್ಲು ತಟ್ಟು. ಸಾರು ಬಿಸಿ ಮಾಡ್ತೀನಿ, ಇಬ್ರೂ ಉಣ್ಣಣ. ಆಮೇಲೆ ಅಲ್ಲಿಗೇ ಹೋಗಿ ಹೇಳ್ಬರಣ, ಯಾಕೆ ಬರ್ಲಿಲ್ಲ ಅಂತ."